ಮೈಮನಸ್ಸಿನ ಬಿಗಿತ ಬಿಡಿಸಿಕೊಳ್ಳುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ವಾರಕ್ಕೆ ಮೂರು ಸಂಜೆ ನಾನು ವಿಶ್ರಾಂತಿಯ ಅಭ್ಯಾಸಗಳನ್ನು ಹೇಳಿಕೊಡುತ್ತೇನೆ. ಹುಬ್ಬಳ್ಳಿಯಿಂದ, ಗದಗ-ಬೆಟಗೇರಿಯಿಂದ, ಹಾವೇರಿಯ ಕಡೆಯಿಂದ ಬರುವವರು ಎದುರಿಗೆ ಕೇಳಿದ ಮತ್ತು ಪತ್ರ ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಆಯ್ದು, ಆದಷ್ಟೂ ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ವೈದ್ಯೆಯಲ್ಲ, ಔಷಧದ ವಿಚಾರವನ್ನು ನಿಮ್ಮ ವೈದ್ಯರೇ ಹೇಳಬೇಕು.

## ಮೊದಲು ತಿಳಿಯಬೇಕಾದ ಸಂಗತಿಗಳು

ಡಾಕ್ಟರ್ ಏನೂ ಇಲ್ಲ ಅಂತಾರ, ಆದ್ರ ಮೈಯೆಲ್ಲ ಬಿಗಿದಂಗ ಇರತೈತಿ. ಇದು ಟೆನ್ಶನ್ನಿಂದ ಆಗೂದೇನ್ರಿ?

ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12 ಜೀವಸತ್ವ ಇವುಗಳ ಪರೀಕ್ಷೆ ಆಗಿದೆಯೇ ಎಂದು ಮೊದಲು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಇವುಗಳಲ್ಲಿ ಯಾವುದೊಂದು ಏರುಪೇರಾದರೂ ಆಯಾಸ, ಎದೆಬಡಿತ, ನಿದ್ದೆಗೇಡು ಕಾಣಿಸಿಕೊಂಡು ನೋಡುವವರಿಗೆ ಒತ್ತಡದಂತೆಯೇ ತೋರಬಹುದು. ಅವೆಲ್ಲ ಸರಿಯಿದ್ದರೆ ಒತ್ತಡವೇ ಕಾರಣವಾಗಿರುವ ಸಾಧ್ಯತೆ ಹೆಚ್ಚುತ್ತದೆ.

ಅಪಾಯ ಎದುರಾದಾಗ ಹೋರಾಡುವುದಕ್ಕೋ ಓಡುವುದಕ್ಕೋ ದೇಹ ಹೇಗೆ ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಮೊದಲ ದಶಕಗಳಲ್ಲೇ ವಿವರಿಸಿದ್ದರು. ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆ ಬೇಗ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅಪಾಯ ಕಳೆದ ಮೇಲೆ ಇದೆಲ್ಲ ಇಳಿಯಬೇಕು. ಆದರೆ ಸಾಲದ ಕಂತು, ಮಕ್ಕಳ ಪರೀಕ್ಷೆ, ಅತ್ತೆಯ ಕಾಯಿಲೆ ಇವು ಹುಲಿಯಂತೆ ಬಂದು ಹೋಗುವಂಥವಲ್ಲ, ಮನೆಯಲ್ಲೇ ಇರುತ್ತವೆ. ಹೀಗಾಗಿ ದೇಹ ಇಳಿಯುವುದನ್ನೇ ಮರೆಯುತ್ತದೆ. ಇಂಥ ಬಿಡುವಿಲ್ಲದ ಸ್ಥಿತಿಯಲ್ಲಿ ದೇಹ ಮೊದಲು ಎಚ್ಚರಗೊಂಡು, ಆಮೇಲೆ ತಡೆದುಕೊಂಡು, ಕೊನೆಗೆ ದಣಿದುಹೋಗುತ್ತದೆ ಎಂಬ ವಿಚಾರಕ್ಕೆ ದಾರಿ ತೆರೆದದ್ದು ಒತ್ತಡವನ್ನು ಅಧ್ಯಯನ ಮಾಡಿದ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಅವರು 1936ರಲ್ಲಿ ಪ್ರಕಟಿಸಿದ ಪುಟ್ಟ ಬರಹ.

ಟೆನ್ಶನ್ ಎಲ್ಲಾರಿಗೂ ಇರತೈತಿ. ನಂದು ಹದ ಮೀರೇತಿ ಅಂತ ಹೆಂಗ ಗೊತ್ತಾಗಬೇಕು?

ಮನಸ್ಸನ್ನು ಕೇಳಿದರೆ ಅದು "ನಾನು ಆರಾಮಿದ್ದೇನೆ" ಎಂದೇ ಹೇಳುತ್ತದೆ, ಆದ್ದರಿಂದ ಮೈಯನ್ನು ಕೇಳಬೇಕು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮೊದಲ ದಿನ ಬಂದಾಗ ತಮಗೆ ಯಾವ ಚಿಂತೆಯೂ ಇಲ್ಲ, ತಲೆನೋವು ಮಾತ್ರ ಎಂದರು. ಮಾತು ನಿಲ್ಲಿಸಿ ನನ್ನ ಮಾತು ಕೇಳುವಾಗಲೆಲ್ಲ ಅವರ ದವಡೆಯ ಮೂಲೆಯಲ್ಲಿ ಒಂದು ಸ್ನಾಯು ಕಡಲೆಕಾಳಿನಷ್ಟು ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದೇನೆಂಬುದು ಅವರಿಗೇ ಗೊತ್ತಿರಲಿಲ್ಲ. ಎರಡು ಬೆರಳನ್ನು ಅಲ್ಲಿಟ್ಟು ನೋಡಿಕೊಳ್ಳಲು ಹೇಳಿದಾಗ ಬಹಳ ಹೊತ್ತು ಸುಮ್ಮನೆ ಕುಳಿತರು.

ಬಾಯಿ ಮುಚ್ಚಿದಾಗ ತುಟಿ ಕೂಡಿರಬೇಕು, ಹಲ್ಲಿನ ಸಾಲುಗಳ ನಡುವೆ ಸ್ವಲ್ಪ ಸಂದು ಇರಬೇಕು. ಭುಜ ಕಿವಿಯ ಕಡೆಗೆ ಏರಿದೆಯೇ, ಗಾಡಿಯ ಹ್ಯಾಂಡಲನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಹಿಡಿದಿದ್ದೀರಾ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿದೆಯೇ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಲೆಕ್ಕ ಹಾಕುತ್ತ ಮಲಗುತ್ತೀರಾ ಎಂದು ಒಂದು ವಾರ ಗಮನಿಸಿ. ಇವುಗಳಲ್ಲಿ ಎರಡು ಮೂರು ದಿನದಿನವೂ ಇದ್ದರೆ ಹದ ಮೀರಿದೆ ಎಂದೇ ತಿಳಿಯಿರಿ.

ಸಮಸ್ಯೆ ಹಾಗೇ ಇರುವಾಗ ಕಣ್ಣು ಮುಚ್ಚಿ ಕೂತರೆ ಏನು ಬಂತು? ಸಾಲ ತೀರುತ್ತದೆಯೇ?

ತೀರುವುದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ರೈತರೊಬ್ಬರು ಈ ಪ್ರಶ್ನೆಯನ್ನು ಸಿಟ್ಟಿನಿಂದಲೇ ಬರೆದಿದ್ದರು, ಆ ಸಿಟ್ಟು ನ್ಯಾಯವಾದದ್ದು. ಮಳೆ ಕೈಕೊಟ್ಟು ಗೋವಿನಜೋಳ ಒಣಗಿದ ಮನೆಗೆ ಹೋಗಿ ದೀರ್ಘವಾಗಿ ಉಸಿರು ಬಿಡಿ ಎಂದು ಉಪದೇಶ ಮಾಡುವುದು ಕ್ರೌರ್ಯವಾಗುತ್ತದೆ. ವಿಶ್ರಾಂತಿಯ ಅಭ್ಯಾಸವು ಬೆಳೆ ವಿಮೆಗೂ ಕೂಲಿಗೂ ನ್ಯಾಯಕ್ಕೂ ಬದಲಿಯಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ.

ಅದು ಮಾಡುವ ಕೆಲಸ ಬೇರೆ. ಮೂರು ರಾತ್ರಿ ನಿದ್ದೆಗೆಟ್ಟವನು ಬ್ಯಾಂಕಿನ ಕಾಗದವನ್ನು ಸರಿಯಾಗಿ ಓದಲಾರ, ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಾರ, ಇದ್ದ ಎರಡು ದಾರಿಗಳಲ್ಲಿ ಯಾವುದು ಕಡಿಮೆ ನಷ್ಟದ್ದೆಂದು ತೂಗಿ ನೋಡಲಾರ. ಮೈಯ ಬಿಗಿತ ಸ್ವಲ್ಪ ಇಳಿದರೆ ಆ ಶಕ್ತಿ ಮರಳುತ್ತದೆ. ಅದೇ ರೈತರು ಮರುವರ್ಷ ಬರೆದ ಪತ್ರದಲ್ಲಿ ಸಾಲ ಇನ್ನೂ ಇದೆ, ಆದರೆ ಸೊಸೈಟಿಗೆ ಹೋಗಿ ಕಂತಿನ ಮಾತು ತಾವೇ ಆಡಿಬಂದದ್ದಾಗಿ ತಿಳಿಸಿದ್ದರು.

## ಅಭ್ಯಾಸ ಶುರು ಮಾಡುವವರು ಕೇಳುವವು

ಹತ್ತು ನಮೂನಿ ಹೇಳಬ್ಯಾಡ್ರಿ. ಒಂದ ಹೇಳ್ರಿ, ಅದನ್ನ ಮಾಡತೀನಿ.

ಹಾಗಿದ್ದರೆ ಹೊರಗೆ ಬಿಡುವ ಉಸಿರನ್ನು ಒಳಗೆ ತೆಗೆದುಕೊಳ್ಳುವ ಉಸಿರಿಗಿಂತ ಉದ್ದ ಮಾಡಿ. ಬೆನ್ನಿಗೆ ಗೋಡೆಯ ಆಸರೆ ಕೊಟ್ಟು ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ ಬರಲಿ, ಆರು ಎಣಿಸುವಷ್ಟು ಹೊತ್ತು ಹೊರಗೆ ಹೋಗಲಿ. ಎಣಿಕೆ ಸೆಕೆಂಡಿಗೆ ಒಂದರಂತಿದ್ದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಸುಮ್ಮನೆ ಕುಳಿತ ದೊಡ್ಡವರ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಇರುತ್ತದೆ. ಆರಂಭದಲ್ಲಿ ಇಷ್ಟು ಉದ್ದ ಕಷ್ಟವೆನಿಸಿದರೆ ಮೂರು-ನಾಲ್ಕರಿಂದ ತೊಡಗಿ. ಉಸಿರನ್ನು ತುಂಬಿ ತುಂಬಿ ಎಳೆದುಕೊಳ್ಳಬೇಡಿ; ಹಾಗೆ ಮಾಡಿದರೆ ಬೆರಳು ಜುಮ್ಮೆಂದು ತಲೆ ಹಗುರಾಗುತ್ತದೆ. ಐದು ನಿಮಿಷ, ದಿನಕ್ಕೆ ಎರಡು ಹೊತ್ತು ಸಾಕು.

ಇದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ನಿಮ್ಮ ಕೈಯಲ್ಲೇ ನೋಡಬಹುದು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ಒಳಬರುವಾಗ ಬಡಿತ ತುಸು ಚುರುಕಾಗಿ, ಹೊರಹೋಗುವಾಗ ತುಸು ನಿಧಾನವಾಗುವುದು ಅನೇಕರಿಗೆ ಬೆರಳ ತುದಿಗೇ ತಿಳಿಯುತ್ತದೆ. ಮಿದುಳಿನ ಬುಡದಿಂದ ಎದೆ ಹೊಟ್ಟೆಗಳವರೆಗೆ ಇಳಿದುಬರುವ ವೇಗಸ್ ನರವು ಹೃದಯಕ್ಕೆ ಹಾಕುವ ಕಡಿವಾಣ ಉಸಿರು ಬಿಡುವ ಹೊತ್ತಿನಲ್ಲಿ ಬಲವಾಗುತ್ತದೆ. ಆ ಹೊತ್ತನ್ನು ನಾವು ಹಿಗ್ಗಿಸುತ್ತಿದ್ದೇವೆ.

ಉಸಿರಿನ ಕಡೆ ಲಕ್ಷ ಕೊಟ್ರ ಮತ್ತಷ್ಟು ಗಾಬರಿ ಆಗತೈತಿ. ನನಗ ಇದು ಆಗಿಬರಂಗಿಲ್ಲೇನು?

ನಿಮ್ಮಂತೆ ಹೇಳುವವರು ಬಹಳ ಮಂದಿ ಇದ್ದಾರೆ. ಸದಾ ಕಾವಲಿಗೆ ನಿಂತ ಮನಸ್ಸಿಗೆ ಕಾವಲು ಬಿಡುವುದೇ ಅಪಾಯವೆನಿಸಬಹುದು. ದಮ್ಮು ಇರುವವರಿಗೆ, ಎದೆಬಡಿತದ ಭಯ ಇರುವವರಿಗೆ ಉಸಿರನ್ನು ಎಣಿಸುವುದು ಮೊದಲ ಬಾಗಿಲಲ್ಲ. ಕಣ್ಣು ತೆರೆದೇ ಇಟ್ಟು, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ: ಕಡಪಾ ಕಲ್ಲಿನ ತಂಪು, ಹಿಮ್ಮಡಿಯ ಭಾರ, ಬೆರಳುಗಳ ನಡುವಿನ ಸಂದು. ಇಲ್ಲವೇ ಮುಂದೆ ಹೇಳಿರುವ ಸ್ನಾಯುಗಳ ಅಭ್ಯಾಸದಿಂದ ತೊಡಗಿ. ಉಸಿರು ತಾನಾಗಿ ಇಳಿಯುತ್ತದೆ.

ಮೈ ಸಡಿಲ ಬಿಡ್ರಿ ಅಂತೀರಿ. ಬಿಡೂದು ಹೆಂಗ ಅಂತ ಯಾರೂ ಹೇಳವಲ್ರು.

ಈ ದೂರು ಸರಿಯಾಗಿದೆ. ಬಿಗಿತ ಯಾವುದೆಂದು ತಿಳಿಯದವರಿಗೆ ಸಡಿಲ ಯಾವುದೆಂದೂ ತಿಳಿಯದು. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ಬೆಳೆಸಿದ ವಿಧಾನದ ತಿರುಳೇ ಇದು: ಒಂದು ಸ್ನಾಯುವನ್ನು ಬೇಕೆಂದೇ ಬಿಗಿಮಾಡಿ, ಆ ಬಿಗಿತವನ್ನು ಗುರುತಿಸಿ, ಆಮೇಲೆ ಕೈಬಿಡುವುದು.

ಬಲಗೈ ಮುಷ್ಟಿ ಕಟ್ಟಿ. ಪೂರ್ತಿ ಶಕ್ತಿ ಹಾಕಬೇಡಿ, ಅರ್ಧ ಸಾಕು. ಐದಾರು ಸೆಕೆಂಡು ಹಿಡಿದು, ಮುಂಗೈಯೊಳಗೆ ಎಳೆದ ಹಗ್ಗದಂತಿರುವ ಅನುಭವವನ್ನು ನೋಡಿ. ಈಗ ಬಿಡಿ, ನಿಧಾನವಾಗಿ ಬಿಚ್ಚುವುದಲ್ಲ, ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿದ ಹಾಗೆ ಒಮ್ಮೆಲೇ ಬಿಡಿ. ಬೆರಳು ತಾವಾಗಿ ಅರ್ಧ ಮಡಚಿ ನಿಲ್ಲುತ್ತವೆ, ಅಂಗೈ ಬೆಚ್ಚಗಾದಂತೆ ಅನಿಸುತ್ತದೆ. ಹದಿನೈದು ಇಪ್ಪತ್ತು ಸೆಕೆಂಡು ಆ ಬೆಚ್ಚಗಿನ ಜೊತೆ ಇರಿ. ಬಳಿಕ ಎಡಗೈ, ತೋಳು, ಹಣೆ, ಕಣ್ಣು, ದವಡೆ, ಭುಜ, ಹೊಟ್ಟೆ, ತೊಡೆ, ಮೀನಖಂಡ, ಪಾದ. ನೋವಿರುವ ಜಾಗವನ್ನು, ಶಸ್ತ್ರಚಿಕಿತ್ಸೆಯಾದ ಜಾಗವನ್ನು ಬಿಟ್ಟುಬಿಡಿ. ಎಲ್ಲ ಮುಗಿಯಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ.

ಬೆಟಗೇರಿಯ ನೇಕಾರ ಮಹಿಳೆಯೊಬ್ಬರು ಭುಜವನ್ನು ಕಿವಿಗೆ ಮುಟ್ಟಿಸಿ ಬಿಟ್ಟ ಕೂಡಲೇ ಕಣ್ಣು ತೆರೆದು, "ಇದು ಇಷ್ಟು ಕೆಳಗ ಇರೂದೇನ್ರಿ?" ಎಂದು ಕೇಳಿದ್ದರು. ಮಗ್ಗದ ಮುಂದೆ ವರ್ಷಗಟ್ಟಲೆ ಕುಳಿತು ಅವರ ಭುಜಕ್ಕೆ ತನ್ನ ಜಾಗವೇ ಮರೆತುಹೋಗಿತ್ತು.

ಶವಾಸನದಾಗ ನಿದ್ದಿ ಹತ್ತಿಬಿಡತೈತಿ. ತಪ್ಪೇನು?

ತಪ್ಪಲ್ಲ, ಅದು ನಿದ್ದೆಯ ಬಾಕಿ. ಬಾಕಿ ತೀರುವವರೆಗೆ ಮಲಗಿಯೇ ಮಾಡಿ. ಎಚ್ಚರದಿಂದ ಸಡಿಲವಾಗುವುದನ್ನು ಕಲಿಯಬೇಕೆನಿಸಿದಾಗ ಕುಳಿತು ಮಾಡಿ.

ನಸುಕಿನಾಗ ಎದ್ದಾಗಿಂದ ಮನಿ ಕೆಲಸ. ನಿಮ್ಮ ಹತ್ತು ನಿಮಿಷ ನಾ ಎಲ್ಲಿಂದ ತರಲಿ, ಅಕ್ಕಾರ?

ನೀವು ಬೇರೆ ಹತ್ತು ನಿಮಿಷ ತರಬೇಕಿಲ್ಲ. ರೊಟ್ಟಿ ಬಡಿಯುವಾಗಿನ ಒಂದು ಗಳಿಗೆಯನ್ನು ನೆನಪಿಸಿಕೊಳ್ಳಿ. ಬಡಿದ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆ ನೀರು ಆರುವವರೆಗೆ ಕಾಯುತ್ತೀರಿ. ಆ ಕಾಯುವಿಕೆಯಲ್ಲಿ ಎರಡು ಉದ್ದನೆಯ ಉಸಿರು ಬಿಡಲು ಜಾಗವಿದೆ. ಹದಿನೈದು ರೊಟ್ಟಿಗೆ ಮೂವತ್ತು ಉಸಿರಾಯಿತು, ಐದು ನಿಮಿಷದ ಅಭ್ಯಾಸಕ್ಕೆ ಸಮ. ಭುಜ ಇಳಿಬಿಟ್ಟು, ಹಲ್ಲು ಬಿಡಿಸಿ ಮಾಡಿ.

ಮುಂಜಾನೆ ಇಷ್ಟಲಿಂಗ ಪೂಜೆ ಮಾಡಿಕೊಳ್ಳುವ ಮನೆಗಳಲ್ಲಿ ಇನ್ನೂ ಸುಲಭ. ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನೆಟ್ಟು ಕೂಡುವ ಪದ್ಧತಿಯಲ್ಲಿ ಮೈ ನಿಶ್ಚಲವಾಗುವುದೂ ನೋಟ ಒಂದೆಡೆ ನಿಲ್ಲುವುದೂ ಇದ್ದೇ ಇವೆ. ಅವಸರ ಮಾತ್ರ ಬೇಡ. ನಮಾಜು, ಜಪ, ಪ್ರಾರ್ಥನೆ ಯಾವುದೇ ಇರಲಿ, ಇರುವ ರೂಢಿಗೆ ಕಟ್ಟಿದ ಅಭ್ಯಾಸ ಉಳಿಯುತ್ತದೆ. ಇಷ್ಟಾದರೂ ಒಂದು ಮಾತನ್ನು ಮನೆಯ ಗಂಡಸರಿಗೆ ಹೇಳಲೇಬೇಕು: ಕೆಲಸ ಹಂಚಿಕೊಳ್ಳದೆ ಹೆಂಡತಿಯನ್ನು ವಿಶ್ರಾಂತಿಯ ತರಗತಿಗೆ ಕಳಿಸುವುದರಿಂದ ಹೆಚ್ಚೇನೂ ಆಗದು.

ಎಷ್ಟು ದಿನದಲ್ಲಿ ಗುಣ ಕಾಣುತ್ತದೆ?

ಉಸಿರಿನ ಅಭ್ಯಾಸದ ನಂತರದ ಹಗುರ ಅಂದೇ ತಿಳಿಯಬಹುದು, ಆದರೆ ಅದು ಉಳಿಯುವುದಿಲ್ಲ. ನಿದ್ದೆ, ಸಿಟ್ಟು, ತಲೆನೋವುಗಳಲ್ಲಿ ಬದಲಾವಣೆ ಕಾಣಲು ಆರರಿಂದ ಎಂಟು ವಾರ ದಿನವೂ ಮಾಡಿ ನೋಡಿ. ಭಾನುವಾರ ಒಂದು ತಾಸು ಮಾಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಮೇಲು ಎಂಬುದು ನಾನು ಕಂಡುಕೊಂಡದ್ದು.

## ನಮ್ಮ ಕಡೆಯ ರೂಢಿಗಳ ಬಗ್ಗೆ

ಭಜನಿ ಹಾಡೂದು, ತಂಬೂರಿ ಕೇಳಕೋತ ಕುಂದ್ರೂದು, ಇದೂ ವಿಶ್ರಾಂತಿ ಅನಸತೈತೇನು?

ಅನ್ನಿಸುತ್ತದೆ ಮಾತ್ರವಲ್ಲ, ನಮ್ಮ ನೆಲಕ್ಕೆ ಇದಕ್ಕಿಂತ ಒಗ್ಗುವ ದಾರಿ ಇನ್ನೊಂದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರನ್ನು ಕೊಟ್ಟ ಸೀಮೆಯಿದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಸ್ವರ ಹಿಡಿದು ಬದುಕು ಕಟ್ಟಿಕೊಂಡಿದ್ದಾರೆ. ಗಾಯಕರು ಬೆಳಗಿನ ಹೊತ್ತು ಮಂದ್ರದ ಷಡ್ಜವನ್ನು, ಅಂದರೆ ಕೆಳಗಿನ 'ಸಾ' ಸ್ವರವನ್ನು, ಹಿಡಿದು ಖರ್ಜದ ಸಾಧನೆ ಮಾಡುವಾಗ ಉಸಿರು ಒಳಗೆ ಬರುವುದು ಕ್ಷಣಮಾತ್ರ, ಹೊರಗೆ ಹೋಗುವುದು ಬಹಳ ದೀರ್ಘ. ಮೇಲೆ ನಾಲ್ಕು-ಆರು ಎಂದು ಎಣಿಸಿದ್ದನ್ನು ಹಾಡು ಎಣಿಕೆಯಿಲ್ಲದೆ ಮಾಡಿಸುತ್ತದೆ. ಗುಂಪಿನಲ್ಲಿ ಭಜನೆ ಹಾಡಿದರೆ ಒಂಟಿತನವೂ ಅಷ್ಟರಮಟ್ಟಿಗೆ ಕರಗುತ್ತದೆ.

ಹಾಡಲು ಬಾರದವರಿಗೆ ಭ್ರಾಮರಿ ಇದೆ. ಬಾಯಿ ಮುಚ್ಚಿ, ದವಡೆ ಸಡಿಲವಿಟ್ಟು, ದುಂಬಿಯಂತೆ ಮೆಲ್ಲಗೆ ಗುಂಯ್ಗುಡುತ್ತ ಉಸಿರು ಬಿಡಿ. ಕಂಪನ ಮೂಗಿನ ಮೇಲೆ, ಹಲ್ಲಿನ ಬುಡದಲ್ಲಿ ತಿಳಿಯಬೇಕು. ಕಿವಿ ಒತ್ತಿ ಮುಚ್ಚಲೇಬೇಕೆಂದಿಲ್ಲ. ಆರೇಳು ಸಲ ಸಾಕು.

ದಿನಾ ಕೆಲಗೇರಿ ಕೆರಿ ಸುತ್ತತೀನಿ. ಅಷ್ಟ ಸಾಲದೇನು?

ಬೇಗಬೇಗ ನಡೆದರೆ ಹೃದಯಕ್ಕೂ ಸಕ್ಕರೆಗೂ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ಕಿವಿಗೆ ಫೋನ್ ಹಚ್ಚಿ ಆಸ್ತಿ ವ್ಯಾಜ್ಯ ಮಾತಾಡುತ್ತ ಸುತ್ತಿದರೆ ಕಾಲಷ್ಟೇ ಕೆರೆಯ ದಂಡೆಯಲ್ಲಿರುತ್ತವೆ. ಕೊನೆಯ ಹತ್ತು ನಿಮಿಷ ಫೋನನ್ನು ಜೇಬಿಗೆ ಹಾಕಿ, ನಡಿಗೆ ತಗ್ಗಿಸಿ, ನೀರಿನ ಮೇಲಿನ ಬೆಳಕನ್ನೂ ಕೇಳಿಸುವ ಸದ್ದುಗಳನ್ನೂ ಒಂದೊಂದಾಗಿ ಗಮನಿಸಿ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆಯೂ ನೃಪತುಂಗ ಬೆಟ್ಟವೂ ಇವೆ, ಗದಗಿನವರಿಗೆ ಭೀಷ್ಮ ಕೆರೆಯಿದೆ. ಊರು ದಾಟಲು ಆಗದವರು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಎರಡು ನಿಲ್ದಾಣಗಳ ನಡುವೆ ಇದನ್ನೇ ಮಾಡಬಹುದು.

ಚಹಾ ಬಿಡಲೇಬೇಕೇನ್ರಿ?

ಬಿಡಬೇಕಿಲ್ಲ, ಹೊತ್ತು ನೋಡಿ ಕುಡಿಯಬೇಕು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ದೊಡ್ಡವರಿಗೆ ಸುಮಾರು 5 ಗಂಟೆ ಬೇಕು. ಸಂಜೆ ಆರರ ಚಹಾದ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗಿರುತ್ತದೆ. ಮಧ್ಯಾಹ್ನದ ಊಟದ ನಂತರದ್ದೇ ಕೊನೆಯ ಚಹಾ ಆಗಲಿ. ಒಮ್ಮೆಲೇ ಬಿಟ್ಟರೆ ತಲೆನೋಯುತ್ತದೆ, ದಿನಕ್ಕೆ ಅರ್ಧ ಕಪ್ಪಿನಂತೆ ಇಳಿಸಿ.

ಎಣ್ಣಿ ಹಚ್ಚಿ ಎರಕೊಳ್ಳೂದು, ಅಶ್ವಗಂಧ ತಗೊಳ್ಳೂದು ಚಲೋನು?

ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ಬೆಚ್ಚಗಿನ ಎಣ್ಣೆಯನ್ನು ತಾವೇ ನಿಧಾನವಾಗಿ ಪಾದಕ್ಕೆ, ಕುತ್ತಿಗೆಗೆ ಹಚ್ಚಿಕೊಂಡು, ಬಿಸಿನೀರಿನಲ್ಲಿ ಸ್ನಾನ ಮಾಡುವುದು ಸುರಕ್ಷಿತವೂ ಹಿತವೂ ಆದ ವಿಶ್ರಾಂತಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಬೇಕು. ಅಶ್ವಗಂಧ ಮಾತ್ರ ಔಷಧ. ಥೈರಾಯ್ಡ್ ಗುಳಿಗೆ, ನಿದ್ದೆ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಗಿಡಮೂಲಿಕೆಯೆಂದರೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

## ಕೆಲವು ತಿಂಗಳು ಮಾಡಿದವರು ಕೇಳುವವು

ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಹಾಸಿಗೆಗೆ ಹೋದ ಕೂಡಲೇ ತಲೆ ಓಡಲು ಶುರುವಾಗುತ್ತದೆ. ಏನು ಮಾಡಲಿ?

ಕೋಚಿಂಗಿಗೆಂದು ಊರು ಬಿಟ್ಟು ಬಂದು, ಮನೆಯವರ ದುಡ್ಡಿನ ಲೆಕ್ಕವನ್ನು ಎದೆಯಲ್ಲಿಟ್ಟುಕೊಂಡು ಓದುವ ಮಕ್ಕಳನ್ನು ಧಾರವಾಡದ ಓಣಿಓಣಿಯಲ್ಲಿ ಕಾಣುತ್ತೇನೆ. ನಿಮ್ಮ ಪತ್ರಗಳನ್ನು ಓದುವಾಗ ಸಂಕಟವಾಗುತ್ತದೆ. ಓದುವ ಜಾಗ ಮತ್ತು ಮಲಗುವ ಜಾಗ ಒಂದೇ ಕೋಣೆಯಲ್ಲಿದ್ದರೂ ಹಾಸಿಗೆಯ ಮೇಲೆ ಪುಸ್ತಕ ತೆರೆಯಬೇಡಿ. ಮಲಗುವ ಒಂದು ಗಂಟೆ ಮೊದಲು, ನಾಳೆಯ ಕೆಲಸವನ್ನೂ ಕಾಡುವ ಚಿಂತೆಯನ್ನೂ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರಲಿಲ್ಲವೆನಿಸಿದರೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು ಮುಷ್ಟಿಯಿಂದ ಪಾದದವರೆಗಿನ ಅಭ್ಯಾಸ ಮಾಡಿ, ತೂಕಡಿಕೆ ಬಂದಾಗ ಮರಳಿ ಮಲಗಿ. ಗಡಿಯಾರ ನೋಡಬೇಡಿ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತನ್ನು ಬದಲಿಸಬೇಡಿ.

ರೈಲ್ವೇದಾಗ ನೈಟ್ ಡ್ಯೂಟಿ. ಹಗಲ ಮಲಗಿದ್ರ ಮೈ ಇಳಿಯಂಗಿಲ್ಲ.

ಮೈಯನ್ನು ಎಚ್ಚರಗೊಳಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ಹೊತ್ತು ಏರುವುದು ದೇಹದ ಗಡಿಯಾರಕ್ಕೆ ಸಹಜ, ನೀವು ಮಲಗುವುದು ಅದೇ ಹೊತ್ತಿನಲ್ಲಿ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ತಪ್ಪಿಸಿ. ಗಾಡಿ ಓಡಿಸುವಾಗ ತೂಕಡಿಕೆಯಿದ್ದರೆ ಮಾತ್ರ ಬೇರೆಯವರ ಜೊತೆ ಬನ್ನಿ. ಕಿಟಕಿಗೆ ದಪ್ಪ ಪರದೆ ಹಾಕಿ. ಮಲಗಿದ ಮೇಲೆ ಹತ್ತು ನಿಮಿಷ ಉದ್ದನೆಯ ಉಸಿರು ಬಿಡಿ. ಮನೆಯವರು ಆ ಹೊತ್ತನ್ನು ರಾತ್ರಿಯೆಂದೇ ಎಣಿಸಬೇಕು. ಅವರ ಸಹಕಾರ ಇಲ್ಲದೆ ಇದು ಸಾಗುವುದಿಲ್ಲ.

ಯೋಗನಿದ್ರೆ, ಧ್ಯಾನ, ಮೈಂಡ್‌ಫುಲ್‌ನೆಸ್ ಎಲ್ಲವೂ ಒಂದೇ ಅಲ್ಲವೇ?

ಗುರಿ ಹತ್ತಿರದ್ದು, ದಾರಿ ಬೇರೆ. ಇಂದು ಹೆಚ್ಚಾಗಿ ಹೇಳಿಕೊಡುವ ಯೋಗನಿದ್ರೆಗೆ ರೂಪ ಕೊಟ್ಟವರು ಮುಂಗೇರದ ಸ್ವಾಮಿ ಸತ್ಯಾನಂದ ಸರಸ್ವತಿಯವರು. ಮಲಗಿ, ಹೇಳುವವರ ದನಿಯ ಹಿಂದೆ ಗಮನವನ್ನು ಅಂಗದಿಂದ ಅಂಗಕ್ಕೆ ಒಯ್ಯುವುದು ಅದರ ಮುಖ್ಯ ಭಾಗ. ಪೂಜೆಯಲ್ಲಿ ಮಂತ್ರ ಹೇಳುತ್ತ ಒಂದೊಂದೇ ಅಂಗವನ್ನು ಮುಟ್ಟಿಕೊಳ್ಳುವ ಅಂಗನ್ಯಾಸವನ್ನು ಬಲ್ಲವರಿಗೆ ಅದರ ಬೇರು ಕಾಣುತ್ತದೆ. ಒಂದು ಪದವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು, ಬೇರೆ ವಿಚಾರ ಬಂದರೆ ಹಗುರವಾಗಿ ಮರಳುವುದರಿಂದ ಒತ್ತಡಕ್ಕೆ ಎದುರಾದ ಸ್ಥಿತಿ ದೇಹದಲ್ಲಿ ಮೂಡುತ್ತದೆಂದು ಹಾರ್ವರ್ಡಿನ ಹೃದಯವೈದ್ಯ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ತೋರಿಸಿದರು. ನಮ್ಮ ನಾಮಜಪಕ್ಕೆ ಇದು ತೀರ ಹತ್ತಿರ. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸಿನಲ್ಲಿ ತೊಡಗಿಸಿ, ಎಂಟು ವಾರಗಳ ಪಾಠವಾಗಿ ಬೆಳೆದ ಮೈಂಡ್‌ಫುಲ್‌ನೆಸ್ ಕ್ರಮದಲ್ಲಿ ಶಾಂತಿಯನ್ನು ಬೆನ್ನಟ್ಟುವುದಿಲ್ಲ, ಬಂದದ್ದನ್ನು ತೀರ್ಪಿಲ್ಲದೆ ನೋಡುವುದನ್ನು ಕಲಿಯುತ್ತಾರೆ. ದಣಿದವರಿಗೆ ಮೊದಲನೆಯದು, ಚಂಚಲ ಮನಸ್ಸಿನವರಿಗೆ ಎರಡನೆಯದು, ಬಹುಕಾಲದ ನೋವಿನೊಂದಿಗೆ ಬದುಕುವವರಿಗೆ ಮೂರನೆಯದು ಒಗ್ಗುವುದನ್ನು ಕಂಡಿದ್ದೇನೆ.

ಬಿಪಿ ಐತಿ. ಟಿವಿಯಾಗ ನೋಡಿ ಕಪಾಲಭಾತಿ ಮಾಡಲೇನು? ಗುಳಿಗಿ ಬಿಡಲೇನು?

ಎರಡಕ್ಕೂ ಬೇಡವೆಂದೇ ಉತ್ತರ. ರಕ್ತದೊತ್ತಡ, ಹೃದಯದ ಕಾಯಿಲೆ, ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ಉಸಿರನ್ನು ರಭಸದಿಂದ ಆಡಿಸುವ ಕಪಾಲಭಾತಿ, ಭಸ್ತ್ರಿಕಾ, ಉಸಿರನ್ನು ಬಿಗಿಹಿಡಿಯುವ ಕುಂಭಕ ಇವುಗಳಿಂದ ದೂರವಿರಬೇಕು. ನಿಧಾನದ ಉಸಿರು ಮತ್ತು ಭ್ರಾಮರಿ ಸಾಕು. ಅಭ್ಯಾಸದಿಂದ ರಕ್ತದೊತ್ತಡ ಇಳಿದರೆ ಗುಳಿಗೆಯ ಪ್ರಮಾಣವನ್ನು ವೈದ್ಯರು ಇಳಿಸುತ್ತಾರೆ, ನೀವಾಗಿ ಅಲ್ಲ.

ಅಭ್ಯಾಸ ಮಾಡುವಾಗ ಸುಮ್ಮಸುಮ್ಮನೆ ಅಳು ಬರುತ್ತದೆ. ಹಳೆಯದೆಲ್ಲ ನೆನಪಾಗುತ್ತದೆ. ಮುಂದುವರಿಸಲೇ?

ಕಣ್ಣು ತುಂಬಿ ಬಂದು, ಆಮೇಲೆ ಹಗುರವೆನಿಸಿದರೆ ಮುಂದುವರಿಸಿ. ಆದರೆ ನೆನಪು ಈಗಲೇ ನಡೆಯುತ್ತಿರುವಂತೆ ಎದ್ದು ಬಂದು, ಮೈ ನಡುಗಿ, ಆ ದಿನವೆಲ್ಲ ಭಯ ಉಳಿದರೆ ಅಲ್ಲಿಗೇ ನಿಲ್ಲಿಸಿ. ಕಣ್ಣು ತೆರೆದು, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿ, ತಣ್ಣೀರಿನಿಂದ ಮುಖ ತೊಳೆದುಕೊಳ್ಳಿ. ಹೊಡೆತ, ಅಪಘಾತ, ಲೈಂಗಿಕ ಹಿಂಸೆ, ಆಪ್ತರ ಸಾವು ಇಂಥವುಗಳ ಗಾಯವನ್ನು ಒಬ್ಬರೇ ಕತ್ತಲಲ್ಲಿ ಮಲಗಿ ಬಿಚ್ಚಬಾರದು. ಅದಕ್ಕೆ ತರಬೇತಿ ಪಡೆದ ಆಪ್ತಸಲಹೆಗಾರರು ಜೊತೆಯಲ್ಲಿರಬೇಕು.

ಇದು ಒತ್ತಡವೋ ಕಾಯಿಲೆಯೋ? ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು, ಎಲ್ಲಿಗೆ?

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ರುಚಿಯಿಲ್ಲದಿದ್ದರೆ, ಊಟ ನಿದ್ದೆ ತೀರ ಕೆಟ್ಟರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಕುಡಿತದಿಂದ ಮಾತ್ರ ದಿನ ಕಳೆಯುತ್ತಿದ್ದರೆ ಅಭ್ಯಾಸದ ಜೊತೆಗೆ ಚಿಕಿತ್ಸೆಯೂ ಬೇಕು. ಎದೆನೋವು ಬಂದು ತೋಳಿಗೆ ಅಥವಾ ದವಡೆಗೆ ಹರಡಿದರೆ, ಬೆವರಿ ಉಸಿರು ಕಟ್ಟಿದರೆ ಟೆನ್ಶನ್ ಎಂದುಕೊಂಡು ಕೂಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮಾನಸಿಕ ಆರೋಗ್ಯಕ್ಕೆಂದೇ ಧಾರವಾಡದಲ್ಲಿ ಸರ್ಕಾರದ ಡಿಮ್ಹಾನ್ಸ್ ಆಸ್ಪತ್ರೆ ಇದೆ, ಜನ ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಗದಗ ಮತ್ತು ಹಾವೇರಿಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು. ಬದುಕು ಸಾಕೆನಿಸಿದರೆ, ಮನೆಯಲ್ಲಿ ಯಾರಾದರೂ ಹಾಗೆ ಅಂದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಡಿಮ್ಹಾನ್ಸ್ ಹೆಸರು ಕೇಳಿದ ಕೂಡಲೇ "ಜನ ಏನಂದಾರು" ಎಂದು ಹಿಂಜರಿಯುವವರ ಜೊತೆ ನಾನೇ ಹಲವು ಸಲ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೇನೆ. ಒಬ್ಬರೇ ಹೋಗಲು ಅಳುಕಿದ್ದರೆ ನಿಮ್ಮವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಚೀಟಿ ಮತ್ತು ಒಂದು ವಾರದ ನಿದ್ದೆಯ ಲೆಕ್ಕ ಕೈಯಲ್ಲಿರಲಿ.